ಓದುವವಳ ಪಾಲಿನ ಬೀಡಿ

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಉಡುಪಿಯ ಒಂದು ಸಣ್ಣ ಸಭಾಂಗಣದಲ್ಲಿ, ಮೊದಲ ಪುಸ್ತಕ ಅಚ್ಚು ಹಾಕಿಸಿಕೊಂಡ ನಾಲ್ಕಾರು ಮಂದಿಯನ್ನು ವೇದಿಕೆಯಲ್ಲಿ ಸಾಲಾಗಿ ಕೂರಿಸಿ, ‘ನೀವು ಲೇಖಕರಾದದ್ದು ಹೇಗೆ’ ಎಂದು ಕೇಳುವ ಕಾರ್ಯಕ್ರಮ ಇಟ್ಟಿದ್ದರು. ನನಗೆ ಇಂಥ ಪ್ರಶ್ನೆ ಕೇಳಿದರೆ ಮೊದಲಿನಿಂದಲೂ ಸಿಡಿಮಿಡಿ. ದೋಸೆ ಹೇಗಾಯಿತು ಎಂದು ಕಾವಲಿಯನ್ನು ಕೇಳಿದರೆ ಅದು ಏನು ಹೇಳೀತು? ಆದರೂ ಹೋದೆ. ಕರೆದರೆ ಹೋಗದಿರುವಷ್ಟು ದೊಡ್ಡ ಲೇಖಕಿ ನಾನಾಗಿರಲಿಲ್ಲ, ಈಗಲೂ ಆಗಿಲ್ಲ.

ನನ್ನ ಪಕ್ಕ ಮಣಿಪಾಲದ ಹಲ್ಲಿನ ಡಾಕ್ಟರೊಬ್ಬರು ಕೂತಿದ್ದರು. ಬಾಯಿ ತೆರೆದು ಮಲಗಿದ ರೋಗಿಗೆ ಮಾತಾಡಲು ಬರುವುದಿಲ್ಲವಲ್ಲ, ಹಾಗಾಗಿ ಇಡೀ ದಿನ ತಾನೊಬ್ಬನೇ ಮಾತಾಡಿ ಮಾತಾಡಿ ಪ್ರಬಂಧಕಾರನಾದೆ ಎಂದರು ಅವರು. ಆಮೇಲೆ ನಿವೃತ್ತ ಹೆಡ್ ಕಾನ್‌ಸ್ಟೆಬಲ್. ಊರವರ ಹೇಳಿಕೆಗಳನ್ನೆಲ್ಲ ಬರೆದುಕೊಂಡದ್ದಾಯಿತು, ನನ್ನದೊಂದು ಹೇಳಿಕೆ ಬಾಕಿ ಇತ್ತು ಎಂದು ಅವರು ಗಂಭೀರವಾಗಿಯೇ ಹೇಳಿದರು, ಸಭೆ ನಕ್ಕಿತು. ಕೊನೆಯಲ್ಲಿ ಕೂತಿದ್ದವರು ಬಾಗಲಕೋಟೆ ಕಡೆಯಿಂದ ಬಂದು ಮಣಿಪಾಲದ ಎತ್ತರದ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡುವ ಕವಿ. ಮೈಕು ಕೈಗೆ ಬಂದಾಗ ಅವರು, “ಸಿಮೆಂಟಿಗೆ ನೀರ್ ಹೊಡಕೋತ ನಿಂತಾಗ ಹಾಡು ಬರ್ತಾವ್ರಿ. ಅದಕ್ಕ ನಾ ಏನ್ ಮಾಡ್ಲಿ?” ಎಂದು ಹೇಳಿ ಮೈಕನ್ನು ಹಿಂದಕ್ಕೆ ಕೊಟ್ಟುಬಿಟ್ಟರು. ಅವತ್ತಿನ ಉತ್ತರಗಳಲ್ಲಿ ನನಗೆ ಹಿಡಿಸಿದ್ದು ಅದೊಂದೇ.

ನಾನು ಹೇಳಿದ್ದು, “ನನಗೆ ಬೀಡಿ ಕಟ್ಟಲು ಬರುತ್ತಿರಲಿಲ್ಲ, ಅದಕ್ಕೆ ಲೇಖಕಿಯಾದೆ” ಎಂದು. ಅದನ್ನೂ ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು. ನಿರೂಪಕರು ನಗುತ್ತಲೇ ವಂದನಾರ್ಪಣೆಗೆ ಕರೆದರು. ನಾನು ತಮಾಷೆ ಮಾಡಿರಲಿಲ್ಲ. ಅಲ್ಲಿ ಹೇಳಲು ಸಮಯ ಸಿಗದ್ದನ್ನು ಇಲ್ಲಿ ಹೇಳುತ್ತೇನೆ.

ಕಾರ್ಕಳ ಪೇಟೆಯಿಂದ ಸ್ವಲ್ಪ ಹೊರಗೆ ನಮ್ಮ ಮನೆ. ಪಕ್ಕದಲ್ಲೇ ನನ್ನ ಅಮ್ಮನ ಅಕ್ಕ, ಅಂದರೆ ದೊಡ್ಡಮ್ಮನ ಮನೆ. ಎರಡು ಮನೆಗಳ ನಡುವೆ ಒಂದು ಬಾವಿ, ಒಂದು ಬಟ್ಟೆ ಒಗೆಯುವ ಕಲ್ಲು. ದೊಡ್ಡಮ್ಮನ ಮನೆಗೆ ಉದ್ದದ ಜಗಲಿಯಿತ್ತು. ಮಧ್ಯಾಹ್ನದ ಊಟ ಮುಗಿಸಿ ಅಕ್ಕಪಕ್ಕದ ಹೆಂಗಸರೆಲ್ಲ ಮಡಿಲಿಗೊಂದು ತಡ್ಪೆ ಇಟ್ಟುಕೊಂಡು ಅಲ್ಲಿ ಬಂದು ಕೂರುತ್ತಿದ್ದರು. ಮೊರಕ್ಕೆ ನಾವು ತಡ್ಪೆ ಎನ್ನುತ್ತೇವೆ. ಅದರ ಒಂದು ಬದಿಯಲ್ಲಿ ಅಳತೆಗೆ ಕತ್ತರಿಸಿದ ಎಲೆ, ಇನ್ನೊಂದು ಬದಿಯಲ್ಲಿ ಹೊಗೆಸೊಪ್ಪಿನ ಪುಡಿ, ಅಂಚಿನಲ್ಲಿ ನೂಲಿನ ಉಂಡೆ. ಎಲೆಗೆ ಪುಡಿ ಹಾಕಿ ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟುವುದು. ನೋಡುತ್ತಾ ಕೂತರೆ ಯಾರಿಗೂ ಬರುವ ಕೆಲಸ ಅನಿಸುತ್ತದೆ. ನನಗೆ ಬರಲಿಲ್ಲ.

ನನ್ನ ಅಂಗೈ ಬೆವರುತ್ತದೆ. ಪುಡಿ ಒದ್ದೆಯಾಗಿ, ಎಲೆ ಮೆತ್ತಗಾಗಿ, ಬೀಡಿ ಸಡಿಲವಾಗಿಬಿಡುತ್ತಿತ್ತು. ಬೀಡಿ ತೆಗೆದುಕೊಳ್ಳುವ ಜಾಗಕ್ಕೆ ನಮ್ಮಲ್ಲಿ ಬ್ರಾಂಚು ಎನ್ನುತ್ತಾರೆ. ಅಲ್ಲಿನ ಮನುಷ್ಯ ನನ್ನ ಕಟ್ಟುಗಳನ್ನು ಬೆರಳಲ್ಲಿ ಒತ್ತಿ ನೋಡಿ, ಒಂದೂ ಮಾತಾಡದೆ ಬದಿಗೆ ಎಸೆಯುತ್ತಿದ್ದ. ಬೈದಿದ್ದರೂ ಆಗುತ್ತಿತ್ತು. ಎಸ್‌ಎಸ್‌ಎಲ್‌ಸಿ ಮುಗಿಸಿ ಮನೆಯಲ್ಲಿ ಕೂತವಳಿಗೆ ಬೀಡಿಯೂ ಬರದಿದ್ದರೆ ಉಳಿದದ್ದು ಗೇರುಬೀಜದ ಕಾರ್ಖಾನೆ. ಅಲ್ಲಿಗೆ ಹೋಗುವವರ ಬೆರಳನ್ನು ನಾನು ನೋಡಿದ್ದೆ. ಸಿಪ್ಪೆಯ ಎಣ್ಣೆ ತಾಗಿ ಕಪ್ಪಾಗಿ ಸುಲಿದಿರುತ್ತಿತ್ತು. ಅಮ್ಮ ಆಗಾಗ ಆ ಕಾರ್ಖಾನೆಯ ಹೆಸರೆತ್ತುತ್ತಿದ್ದಳು, ಮತ್ತೆ ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದಳು.

ಉಪಾಯ ಹುಡುಕಿದ್ದು ದೊಡ್ಡಮ್ಮ. ಬ್ರಾಂಚಿಗೆ ಹೋದವರು ಪಕ್ಕದ ಅಂಗಡಿಯಿಂದ ಒಂದು ವಾರಪತ್ರಿಕೆ ತರುತ್ತಿದ್ದರು. ಅದರಲ್ಲಿ ಬರುವ ಧಾರಾವಾಹಿಯನ್ನು ಯಾರಾದರೂ ಗಟ್ಟಿಯಾಗಿ ಓದಬೇಕು. ಓದುವವಳ ಕೈ ನಿಂತರೆ ಅವಳ ಬೀಡಿ ನಷ್ಟ, ಹಾಗಾಗಿ ದಿನವೂ ‘ಇವತ್ತು ನೀನು ಓದು, ನಾಳೆ ನಾನು’ ಎಂದು ಜಗಳ.

“ಇವಳು ಹೇಗೂ ಬೀಡಿ ಹಾಳು ಮಾಡ್ತಾಳೆ,” ಎಂದರು ದೊಡ್ಡಮ್ಮ ನನ್ನ ಕಡೆ ಗಲ್ಲ ಎತ್ತಿ. “ಇವಳೇ ಓದಲಿ. ಇವಳ ಪಾಲಿನ ಬೀಡಿ ನಾವು ಕಟ್ಟುವ. ಒಬ್ಬೊಬ್ಬರು ಸ್ವಲ್ಪ ಸ್ವಲ್ಪ ಹಾಕಿದ್ರೆ ಯಾರಿಗೂ ಭಾರ ಇಲ್ಲ ಅಲ್ವಾ?”

ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಓದು ಕನ್ನಡದಲ್ಲಿ, ಅದರ ಮೇಲಿನ ಜಗಳವೆಲ್ಲ ತುಳುವಿನಲ್ಲಿ. ಹೀಗೆ ಸಂಜೆ ಏಳುವ ಹೊತ್ತಿಗೆ ನನ್ನ ಖಾಲಿ ತಡ್ಪೆಗೆ ಒಬ್ಬೊಬ್ಬರೇ ಒಂದೊಂದು ಹಿಡಿ ಬೀಡಿ ಹಾಕಿ ಮನೆಗೆ ಹೋಗುತ್ತಿದ್ದರು. ಭಿಕ್ಷೆ ಬೇಡಿದ ಹಾಗಾಗುತ್ತದೆ ಎಂದು ಮೊದಮೊದಲು ಅಮ್ಮನಿಗೆ ನಾಚಿಕೆ. ನನಗೆ ಒಂಚೂರೂ ನಾಚಿಕೆಯಾಗಲಿಲ್ಲ. ಗಂಟಲು ಒಣಗಿಸಿಕೊಂಡು ಓದುತ್ತಿದ್ದವಳು ನಾನು.

ಬೀಡಿ ಹಾಕುತ್ತಿದ್ದರಲ್ಲ, ಹಾಗಾಗಿ ಅವರಿಗೆ ಅಧಿಕಾರವೂ ಇತ್ತು. ಬೇಡ ಎಂದದ್ದನ್ನು ನಾನು ಬಿಟ್ಟು ಓದಬೇಕು, ಬೇಕು ಎಂದದ್ದನ್ನು ಇನ್ನೊಮ್ಮೆ ಓದಬೇಕು. ಕತೆ ಹೇಗುಂಟು ಎಂದು ನಾನು ಅವರ ಮುಖ ನೋಡಿ ತಿಳಿಯುತ್ತಿರಲಿಲ್ಲ, ಕೈ ನೋಡಿ ತಿಳಿಯುತ್ತಿದ್ದೆ. ಕತೆ ಸಪ್ಪೆಯಾದರೆ ಕೈ ಓಡುತ್ತಿತ್ತು, ರುಚಿಯಾದರೆ ನಿಧಾನವಾಗುತ್ತಿತ್ತು. ಇದೇ ಒಂದು ಪೇಚಾಟ. “ನಾಳೆ ಬ್ರಾಂಚಿಗೆ ಕೊಡ್ಲಿಕ್ಕುಂಟು ಮಾರಾಯ್ತಿ, ಇವತ್ತು ಆ ಅಳುವ ಭಾಗ ಓದಬೇಡ,” ಎಂದು ಅಂಗಲಾಚಿದವರುಂಟು. ಮುಂದೆ ನನ್ನ ಕಾದಂಬರಿಯ ಬಗ್ಗೆ ಒಬ್ಬ ವಿಮರ್ಶಕರು, ಕತೆ ಅಲ್ಲಲ್ಲಿ ಬೇಕೆಂದೇ ನಿಧಾನವಾಗುತ್ತದೆ, ಇದು ಲೇಖಕಿಯ ಸಂಯಮ ಎಂದು ಹೊಗಳಿದರು. ಸಂಯಮವೂ ಇಲ್ಲ, ಮಣ್ಣೂ ಇಲ್ಲ. ಮರುದಿನ ಬ್ರಾಂಚಿಗೆ ಬೀಡಿ ಕೊಡಬೇಕಾಗಿದ್ದ ಹೆಂಗಸರಿಂದ ಬಂದ ಅಭ್ಯಾಸ ಅದು.

ಒಂದು ವಾರ ಪತ್ರಿಕೆ ಸಿಗಲಿಲ್ಲ. ಅಂಗಡಿಯವನು ಬಾಗಿಲು ಹಾಕಿ ಮಗಳ ಮನೆಗೆ ಹೋಗಿದ್ದನಂತೆ. ಧಾರಾವಾಹಿಯ ನಾಯಕಿ ಬೆಂಗಳೂರಿನ ಶ್ರೀಮಂತರ ಮನೆ ಸೊಸೆ. ಹಿಂದಿನ ವಾರವಷ್ಟೇ ಗಂಡನ ಕೋಟಿನ ಜೇಬಿನಲ್ಲಿ ಇನ್ನೊಬ್ಬಳ ಫೋಟೊ ಸಿಕ್ಕಿ ಬಾಗಿಲ ಬಳಿ ನಿಂತಿದ್ದಳು. ಅವಳನ್ನು ಅಲ್ಲೇ ನಿಲ್ಲಿಸಿ ಒಂದು ವಾರ ಕಾಯುವುದು ಜಗಲಿಯವರಿಂದ ಆಗದ ಮಾತು. ಓದಲು ಏನೂ ಇಲ್ಲದಿದ್ದರೆ ನನ್ನ ತಡ್ಪೆಗೆ ಬೀಡಿಯೂ ಬೀಳುವುದಿಲ್ಲ. ಒಂದು ಹಳೆಯ ಸಂಚಿಕೆಗೆ ಮುಖಪುಟ ಕಾಣದಂತೆ ಪೇಪರಿನ ಬೈಂಡು ಹಾಕಿ ಹಿಡಿದುಕೊಂಡೆ. ಅದನ್ನು ನೋಡುತ್ತಾ, ಇಲ್ಲದ್ದನ್ನು ಓದಿದೆ. ನನ್ನ ನಾಯಕಿ ಬಾಗಿಲ ಬಳಿ ನಿಲ್ಲಲಿಲ್ಲ, ಒಳಗೆ ಹೋಗಿ ಚೀಲ ತುಂಬಿಸಿಕೊಂಡು ಹೊರಟಳು. ಹೋಗುವಾಗ ಒಲೆಯ ಮೇಲಿದ್ದ ಸಾರನ್ನು ಮಾತ್ರ ಇಳಿಸಿಟ್ಟು ಹೋದಳು. ಕೈಗಳೆಲ್ಲ ನಿಧಾನವಾದವು.

ಮರುವಾರ ನಿಜವಾದ ಸಂಚಿಕೆ ಬಂತು. ಅದರಲ್ಲಿ ಆಕೆ ಫೋಟೊವನ್ನು ಜೇಬಿಗೇ ಹಾಕಿ, ಗಂಡನ ಕಾಲು ಮುಟ್ಟಿ, ನೀವು ಬದಲಾಗುವ ತನಕ ಕಾಯುತ್ತೇನೆ ಎನ್ನುತ್ತಾಳೆ. ಓದಿ ಮುಗಿಸಿದೆ. ಯಾರಿಗೂ ಸಮಾಧಾನವಿಲ್ಲ.

“ಇದು ಸರಿ ಇಲ್ಲ,” ಎಂದಳು ನನ್ನ ಅಮ್ಮ. “ಹೋದವಳು ಪುನಃ ಬಾಗಿಲಿಗೆ ಹೇಗೆ ಬಂದಳು? ಪೇಪರಿನವರು ಎಂತದೋ ತಪ್ಪು ಹಾಕಿದ್ದಾರೆ.”

“ಸಾರು ಇಳಿಸಿದ್ದು ಇದರಲ್ಲಿ ಇಲ್ವಾ?” ಎಂದು ಇನ್ನೊಬ್ಬರು.

ಆಗ ದೊಡ್ಡಮ್ಮ ನಕ್ಕು, “ಹೋದ ವಾರ ಇವಳು ಕಣ್ಣನ್ನು ಮಾಡಿನ ಹಂಚಿಗೆ ಹಾಕಿ ಹಾಕಿ ಓದಿದ್ದು ನಾನು ನೋಡಿದ್ದೇನೆ. ಅಕ್ಷರ ಮಾಡಿನಲ್ಲಿ ಉಂಟಾ?” ಎಂದರು. ಇನ್ನು ಗೇರುಬೀಜದ ಕಾರ್ಖಾನೆಯೇ ಗತಿ ಎಂದುಕೊಂಡೆ. ಯಾರೂ ಬೈಯಲಿಲ್ಲ. ಪತ್ರಿಕೆ ತರುವುದನ್ನು ಬಿಟ್ಟರು. “ನಿನ್ನದನ್ನೇ ಮುಂದುವರಿಸು. ಅದಕ್ಕೆ ಚಿಲ್ಲರೆಯೂ ಬೇಡ,” ಎಂದರು. ನಾನು ಲೇಖಕಿಯಾದದ್ದು ಅವತ್ತು, ಅಚ್ಚಿನಲ್ಲಿ ಹೆಸರು ಬಂದ ದಿನವಲ್ಲ.

ಆ ಹೊತ್ತಿಗೇ ಕಾಪುವಿನಿಂದ ಅಕ್ಕ ಬಂದದ್ದು. ಅಕ್ಕ ಎಂದರೆ ದೊಡ್ಡಮ್ಮನ ಹಿರಿ ಮಗಳು. ಕಾಪುವಿನಲ್ಲಿ ಸಮುದ್ರದ ಹತ್ತಿರದ ಒಂದು ಮನೆಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಬೊಂಬಾಯಿಯಲ್ಲಿ ಹೋಟೆಲಿನಲ್ಲಿದ್ದ, ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದ. ಅಲ್ಲಿ ಅವನಿಗೆ ಇನ್ನೊಂದು ಸಂಸಾರ ಉಂಟು, ಮಗುವೂ ಉಂಟು ಎಂದು ಅಕ್ಕನಿಗೆ ಹೇಗೋ ತಿಳಿಯಿತು. ಅತ್ತೆಗೆ ಮೊದಲೇ ಗೊತ್ತಿತ್ತು. ಊರಲ್ಲಿ ತನ್ನನ್ನು ನೋಡಿಕೊಳ್ಳಲು ಒಬ್ಬಳು, ಅಲ್ಲಿ ಮಗನನ್ನು ನೋಡಿಕೊಳ್ಳಲು ಒಬ್ಬಳು, ಇದರಲ್ಲಿ ತಪ್ಪೇನೂ ಆಕೆಗೆ ಕಂಡಿರಲಿಲ್ಲ. ಹಬ್ಬಕ್ಕೆಂದು ತವರಿಗೆ ಬಂದ ಅಕ್ಕ ಹಬ್ಬ ಮುಗಿದರೂ ಹೋಗಲಿಲ್ಲ. ಒಂದು ತಡ್ಪೆ ಹಿಡಿದು ಜಗಲಿಯ ಮೂಲೆಯಲ್ಲಿ ಕೂತಳು. ಅವಳಷ್ಟು ಚಂದ ಬೀಡಿ ಕಟ್ಟುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಮಾತು ಮಾತ್ರ ಇಲ್ಲ.

ದೊಡ್ಡಮ್ಮನಿಗೆ ಅವಳನ್ನು ಹಿಂದಕ್ಕೆ ಕಳಿಸಬೇಕಿತ್ತು. ಸಿಟ್ಟಿನಿಂದಲ್ಲ, ಹೆದರಿಕೆಯಿಂದ. ಅಕ್ಕನ ಕೆಳಗೆ ಇನ್ನೊಬ್ಬಳು ಮಗಳಿದ್ದಳು, ಸಂಬಂಧ ನೋಡುತ್ತಿದ್ದರು. ಬಂದವರೆಲ್ಲ ಕಾಫಿ ಕುಡಿದು, ‘ದೊಡ್ಡವಳು ಇಲ್ಲೇ ಇದ್ದಾಳಾ?’ ಎಂದು ಕೇಳಿ ಹೋದರು, ಮತ್ತೆ ಸುದ್ದಿಯಿಲ್ಲ. ಬಾವಿಕಟ್ಟೆಯಲ್ಲಿ ನಿಂತರೆ ಅವರ ಮನೆಯೊಳಗಿನ ಮಾತು ನಮಗೆ ಕೇಳುತ್ತಿತ್ತು. “ಊಟಕ್ಕೆ ಬಟ್ಟೆಗೆ ಅಲ್ಲಿ ಕಡಿಮೆ ಉಂಟಾ? ಎಷ್ಟು ಜನ ಹೊಂದಿಕೊಂಡು ಇರುದಿಲ್ಲ?” ಎಂದು ದೊಡ್ಡಮ್ಮ. ಅಕ್ಕನ ಉತ್ತರ ಎಂದೂ ಕೇಳಿದ್ದಿಲ್ಲ.

ಇತ್ತ ನನ್ನ ಕತೆಯ ನಾಯಕಿ ಬೆಂಗಳೂರಿನ ಕಾರಿನಿಂದ ಇಳಿದು ಯಾವಾಗ ಕಾಪುವಿನ ಬಸ್ಸು ಹತ್ತಿದಳೋ ನನಗೇ ಗೊತ್ತಾಗಲಿಲ್ಲ. ಅವಳ ಅಂಗಳದಲ್ಲಿ ಮೀನು ಒಣಗತೊಡಗಿತು, ಅವಳ ಗಂಡ ಬೊಂಬಾಯಿಗೆ ಹೋದ. ಜಗಲಿಯಲ್ಲಿ ಕೂತವರೆಲ್ಲರಿಗೂ ತಿಳಿಯಿತು, ಅಕ್ಕನಿಗೂ. ಯಾರೂ ಬಾಯಿ ಬಿಡಲಿಲ್ಲ. ನಮ್ಮ ಕಡೆ ಗಂಡನ ಮನೆ ಬಿಟ್ಟು ಬಂದವಳ ಮುಖ ನೋಡಿ ‘ಯಾಕೆ ಬಂದೆ’ ಎಂದು ಕೇಳುವುದಿಲ್ಲ, ಬೆನ್ನ ಹಿಂದೆ ಬೇಕಾದಷ್ಟು ಕೇಳುತ್ತೇವೆ. ಈಗ ಅಕ್ಕನನ್ನು ಕೇಳಬೇಕಾದ್ದನ್ನೆಲ್ಲ ಕತೆಯವಳನ್ನು ಕೇಳಿದರು. ಅವಳಿಗೆ ಯಾವಾಗ ಗೊತ್ತಾಯಿತು? ಅತ್ತೆಯ ಹತ್ತಿರ ಎಂತ ಹೇಳಿದಳು? ಅಕ್ಕ ತಲೆ ಬಗ್ಗಿಸಿಕೊಂಡೇ ಬೀಡಿ ಕಟ್ಟುತ್ತಾ, “ಹೇಳಿರ್ಲಿಕ್ಕಿಲ್ಲ. ನೀರು ಕಾಯಿಸಿ ಕೊಟ್ಟಿರಬಹುದು, ಹೇಳಿರ್ಲಿಕ್ಕಿಲ್ಲ,” ಎಂದಳು ಒಂದು ದಿನ. ನಾನು ಹಾಗೆಯೇ ಸೇರಿಸಿದೆ.

ಕತೆಯಲ್ಲಿ ಗಂಡನ ಕಡೆಯವರು ಅವಳನ್ನು ಕರೆದುಕೊಂಡು ಹೋಗಲು ಬರುವ ಹಂತಕ್ಕೆ ತಲುಪಿದೆವು. ನಾನು ಅವಳನ್ನು ಒಬ್ಬಳೇ ನಿಲ್ಲಿಸಿದ್ದೆ. ಎದುರಿಗೆ ಹಿರಿಯರು ಕೂತಿದ್ದಾರೆ, ಅವಳು ತಲೆ ತಗ್ಗಿಸಿದ್ದಾಳೆ. ಇದ್ದಕ್ಕಿದ್ದಂತೆ ದೊಡ್ಡಮ್ಮನಿಗೆ ರೇಗಿತು.

“ಅವಳಿಗೆ ತಾಯಿ ಇಲ್ವಾ?”

“ನಾನು ಯೋಚನೆ ಮಾಡ್ಲಿಲ್ಲ ದೊಡ್ಡಮ್ಮ.”

“ಯೋಚನೆ ಮಾಡು. ತಾಯಿ ಇಲ್ಲದವಳ ಹಾಗೆ ನಿಲ್ಲಿಸಿದ್ದೀಯಲ್ಲ ಅವಳನ್ನು. ತಾಯಿ ಇದ್ರೆ ಸುಮ್ಮನೆ ಕೂತುಕೊಳ್ತಾಳಾ?”

ನಾನು ಅಭ್ಯಾಸಕ್ಕೆ ಹಿಡಿದಿದ್ದ ಹಳೆಯ ಪತ್ರಿಕೆಯಿಂದ ತಲೆಯೆತ್ತಿದೆ. “ತಾಯಿ ಇದ್ರೆ ಎಂತ ಹೇಳ್ತಾಳೆ, ನೀವೇ ಹೇಳಿ.”

ದೊಡ್ಡಮ್ಮ ಕೈಯ ಬೀಡಿಗೆ ನೂಲು ಸುತ್ತುತ್ತಲೇ, ಎದುರಿಗೆ ಯಾರೋ ಕೂತಿದ್ದಾರೆ ಎಂಬಂತೆ ಹೇಳಿದರು: “ಮಗಳು ನನ್ನ ಮನೆಯಲ್ಲಿ ಇದ್ದಾಳೆ. ಕೆಲಸ ಮಾಡ್ತಾಳೆ, ಉಣ್ತಾಳೆ. ನಿಮಗೆ ಬೇಕಾದ್ದು ಸೊಸೆ ಅಲ್ಲ, ಆಳು. ಆಳು ನಿಮ್ಮೂರಲ್ಲೂ ಸಿಗ್ತದೆ.” ಆಮೇಲೆ ಹಲ್ಲಿನಿಂದ ನೂಲು ಕಡಿದರು.

ಜಗಲಿಯಲ್ಲಿ ಎಲ್ಲರ ಕೈಯೂ ನಿಂತಿತು. ಅಕ್ಕ ಮಾತ್ರ ಕಟ್ಟುತ್ತಲೇ ಇದ್ದಳು. ತಾನು ಹೇಳಿದ್ದೇನು ಎಂದು ದೊಡ್ಡಮ್ಮನಿಗೆ ಹೊಳೆಯಲೇ ಇಲ್ಲ ಎಂದು ಕಾಣುತ್ತದೆ. ಅವತ್ತು ಸಂಜೆಯೇ ಬಾವಿಕಟ್ಟೆಗೆ ಅವರ ಮಾತು ಕೇಳಿಸಿತು, ಅದೇ ಹಳೆಯದು: ಹೋಗು, ಹೊಂದಿಕೊಂಡು ಇರು. ನನಗೆ ಅಸಾಧ್ಯ ಸಿಟ್ಟು ಬಂತು. ಕತೆಯವಳಿಗೆ ಒಂದು ನ್ಯಾಯ, ಹೆತ್ತ ಮಗಳಿಗೆ ಇನ್ನೊಂದು. ಮರುದಿನ ನಾನು ಓದಲು ಹೋಗಲೇ ಇಲ್ಲ, ತಲೆನೋವು ಎಂದೆ.

ಆಗ ನಮ್ಮ ಮನೆಗೆ ಬಂದದ್ದು ಅಕ್ಕ. ಬಾಗಿಲಲ್ಲಿ ನಿಂತು, “ಅಷ್ಟನ್ನೂ ಬರೆದು ಪತ್ರಿಕೆಗೆ ಕಳಿಸು,” ಎಂದಳು.

“ಅವರು ಹಾಕುದಿಲ್ಲ ಅಕ್ಕ.”

“ಹಾಕ್ಲಿ ಬಿಡ್ಲಿ. ಎಲ್ಲಿಯಾದ್ರೂ ಬರೆದು ಇರಲಿ.”

ಬರೆದೆ. ಹಾಳೆಯ ಒಂದೇ ಬದಿಗೆ, ದುಂಡಗೆ, ಅಂಗೈ ಬೆವರಿ ಶಾಯಿ ಹರಡದಂತೆ ಕೈಯಡಿಗೆ ಕರವಸ್ತ್ರ ಇಟ್ಟುಕೊಂಡು ಬರೆದೆ. ದೊಡ್ಡಮ್ಮನ ಮಾತನ್ನು ಬದಲಾಯಿಸದೆ ಹಾಕಿದೆ. ಅದೇ ಕೊನೆ. ಹುಡುಗಿ ಹೋಗುವುದಿಲ್ಲ.

ಎರಡು ತಿಂಗಳಾದ ಮೇಲೆ ಉತ್ತರ ಬಂತು. ನಮ್ಮಲ್ಲಿ ಏನೇ ಕಾಗದ ಬಂದರೂ ಜಗಲಿಯಲ್ಲಿ ಎಲ್ಲರ ಎದುರು ಓದುವ ಪದ್ಧತಿ. ಕರೆಂಟು ಬಿಲ್ಲನ್ನೂ ಓದಿಸುತ್ತಿದ್ದರು. ಇದನ್ನೂ ಓದಿದೆ. ಕತೆ ಚೆನ್ನಾಗಿದೆ, ಧಾರಾವಾಹಿಯಾಗಿ ಪ್ರಕಟಿಸುತ್ತೇವೆ, ಆದರೆ ಕೊನೆಯನ್ನು ಬದಲಾಯಿಸಬೇಕು ಎಂದಿದ್ದರು. ನಮ್ಮದು ಮನೆಮಂದಿಯೆಲ್ಲ ಓದುವ ಪತ್ರಿಕೆ, ನಾಯಕಿ ಗಂಡನ ಮನೆಗೆ ಮರಳಿದರೆ ಓದುಗರಿಗೆ ಸಮಾಧಾನವಾಗುತ್ತದೆ, ಒಪ್ಪಿಗೆಯಿದ್ದರೆ ಕೂಡಲೇ ತಿದ್ದಿ ಕಳಿಸಿ. ಅಷ್ಟೇ ಇತ್ತು.

ಜಗಲಿಯಲ್ಲಿ ಸಂತೆಯಾಯಿತು. “ಬದಲಾಯಿಸು ಮಾರಾಯ್ತಿ, ನಿನ್ನ ಹೆಸರು ಬರ್ತದಲ್ಲ,” ಎಂದರು ಎಲ್ಲರೂ. ಅಮ್ಮ ಕಣ್ಣೊರೆಸಿಕೊಂಡಳು, ಗೇರುಬೀಜದ ಕಾರ್ಖಾನೆ ತಪ್ಪಿತು ಎಂದು ಅವಳಿಗೆ. ದೊಡ್ಡಮ್ಮ, “ಕತೆ ಅಲ್ವಾ? ಕತೆಯಲ್ಲಿ ಹೋದ್ರೆ ಎಂತ ಆಗ್ತದೆ?” ಎಂದರು. ನನಗೂ ಹೆಸರು ಬೇಕಿತ್ತು. ಬೇಡ ಎನ್ನಲು ನಾನೇನು ಸನ್ಯಾಸಿಯೇ? ಆದರೆ ಅಕ್ಕ ಅವತ್ತು ನನ್ನ ತಡ್ಪೆಗೆ ತನ್ನ ಪಾಲಿನ ಬೀಡಿ ಹಾಕುವಾಗಲೂ ನನ್ನ ಮುಖ ನೋಡಲಿಲ್ಲ.

ಅದೇ ವಾರ, ಭಾನುವಾರ ಕಾಪುವಿನವರು ಬರುತ್ತಾರೆ ಎಂದು ಸುದ್ದಿ ಬಂತು. ಮಾತು ಕೂಡಿಸಿದ್ದು ಮಾವ, ಅಂದರೆ ದೊಡ್ಡಮ್ಮನ ಅಣ್ಣ. ನಮ್ಮಲ್ಲಿ ತಾಯಿಯ ಅಣ್ಣತಮ್ಮಂದಿರ ಮಾತೇ ಕೊನೆ; ಅವರು ಆಯಿತು ಎಂದರೆ ಆಯಿತು. ದೊಡ್ಡಮ್ಮ ಶನಿವಾರವೇ ಅಕ್ಕನ ಬಟ್ಟೆಗಳನ್ನು ಒಗೆದು, ಮಡಚಿ, ಚೀಲಕ್ಕೆ ತುಂಬಿ ಬಾಗಿಲ ಬದಿಗಿಟ್ಟರು.

ಭಾನುವಾರ ಬ್ರಾಂಚಿಗೆ ರಜೆ, ಬೀಡಿಗೂ ರಜೆ. ಆದರೂ ಬೆಳಿಗ್ಗೆಯೇ ಜಗಲಿಯ ಹೆಂಗಸರೆಲ್ಲ ತಡ್ಪೆ ಹಿಡಿದು ಬಂದು ಮೂಲೆಯಲ್ಲಿ ಅಕ್ಕನ ಸುತ್ತ ಕೂತರು. ಯಾರೂ ಕರೆದಿರಲಿಲ್ಲ. ಮಾವ ಒಮ್ಮೆ ದುರುಗುಟ್ಟಿ ನೋಡಿದರು, ಹೆಂಗಸರು ಎಲೆಯನ್ನೇ ನೋಡಿಕೊಂಡರು. ಕಾಪುವಿನಿಂದ ಅಕ್ಕನ ಗಂಡನ ಅಣ್ಣ ಮತ್ತು ಒಬ್ಬರು ಹಿರಿಯರು ಬಂದಿದ್ದರು. ಗಂಡ ಬಂದಿರಲಿಲ್ಲ, ಅವನು ಬೊಂಬಾಯಿಯಲ್ಲೇ ಇದ್ದ. ದೊಡ್ಡಮ್ಮ ಬೆಲ್ಲ, ನೀರು ತಂದಿಟ್ಟು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

“ಅವನು ತಿಂಗಳು ತಿಂಗಳು ದುಡ್ಡು ಕಳಿಸ್ತಾನೆ, ಅದಕ್ಕೇನೂ ತೊಂದರೆ ಇಲ್ಲ,” ಎಂದರು ಹಿರಿಯರು. “ಅವಳ ಅತ್ತೆಗೆ ಈಗ ಸೊಂಟ ಎತ್ಲಿಕ್ಕೆ ಆಗುದಿಲ್ಲ. ಮನೆಯಲ್ಲಿ ಒಂದು ಜನ ಬೇಕಲ್ಲ.”

“ನೀವು ಹೇಳುದು ಸರಿ ಉಂಟು,” ಎಂದರು ಮಾವ. ಮತ್ತೆ ದೊಡ್ಡಮ್ಮನ ಕಡೆ ತಿರುಗಿ, ಕೇಳಬೇಕಾದ ಶಾಸ್ತ್ರಕ್ಕೆಂದು ಕೇಳಿದರು. “ಸಣ್ಣವಳ ಮದುವೆಯೂ ಆಗ್ಬೇಕು. ನೀನು ಎಂತ ಹೇಳ್ತಿ?”

ಆಯಿತು ಅಣ್ಣ ಎನ್ನುವ ಮಾತು ದೊಡ್ಡಮ್ಮನ ಬಾಯಲ್ಲಿ ಸಿದ್ಧವಾಗಿತ್ತು. ಅದು ನನಗೆ ಕಾಣುತ್ತಿತ್ತು. ಅವರು ಬಾಯಿ ತೆರೆದರು. ಮೂಲೆಯಲ್ಲಿ ಕೂತವರನ್ನು ನೋಡಿದರು. ಎಲ್ಲರೂ ಬೀಡಿ ಕಟ್ಟುತ್ತಿದ್ದರು, ಆದರೆ ಎಲ್ಲರ ಕೈಯೂ ನಿಧಾನವಾಗಿತ್ತು. ಆ ಕೈಗಳನ್ನು ನನ್ನಷ್ಟೇ ದೊಡ್ಡಮ್ಮನೂ ಬಲ್ಲವರು. ಅಕ್ಕ ಬಾಗಿದ ತಲೆ ಎತ್ತಲಿಲ್ಲ.

“ಮಗಳು ನನ್ನ ಮನೆಯಲ್ಲಿ ಇದ್ದಾಳೆ,” ಎಂದರು ದೊಡ್ಡಮ್ಮ. ದನಿಯಲ್ಲಿ ಅವತ್ತು ಕತೆಗೆಂದು ಹೇಳಿದಾಗಿನ ಗತ್ತು ಇರಲಿಲ್ಲ. “ಕೆಲಸ ಮಾಡ್ತಾಳೆ, ಉಣ್ತಾಳೆ.” ಚೌಕಟ್ಟು ಬಿಟ್ಟು ಮುಂದೆ ಬಂದರು. “ನಿಮಗೆ ಬೇಕಾದ್ದು ಸೊಸೆ ಅಲ್ಲ, ಆಳು. ಆಳು ಕಾಪುವಿನಲ್ಲೂ ಸಿಗ್ತದೆ.”

ಬಂದವರು ಬೆಲ್ಲ ಮುಟ್ಟದೆ ಎದ್ದರು. ಮಾವ ಅಂಗಳಕ್ಕೆ ಇಳಿದು, “ನನ್ನ ಮರ್ಯಾದೆ ತೆಗೆದೆ. ಇನ್ನು ಈ ಮನೆಗೆ ನಾನಿಲ್ಲ,” ಎಂದರು. ಅವರು ಆಡಿದಂತೆಯೇ ನಡೆದರು, ಸಣ್ಣವಳ ಮದುವೆಗೂ ಬರಲಿಲ್ಲ. ಆ ಮದುವೆ ಆಗುವಷ್ಟರಲ್ಲಿ ಬಹಳ ವರ್ಷಗಳೇ ಹಿಡಿದವು. ದೊಡ್ಡಮ್ಮ ಕೊಟ್ಟ ಬೆಲೆ ಸಣ್ಣದಲ್ಲ. ಕತೆಯಲ್ಲಿ ನಾನು ಅದನ್ನು ಬರೆದಿರಲಿಲ್ಲ. ತಾಯಿ ಒಂದು ಮಾತು ಹೇಳಿದಳು, ಎಲ್ಲರೂ ಎದ್ದು ಹೋದರು, ಮುಗಿಯಿತು ಎಂದು ಬರೆದಿದ್ದೆ. ಎದ್ದು ಹೋದ ಮೇಲೆಯೇ ಶುರುವಾಗುತ್ತದೆ ಎಂದು ನನಗಾಗ ಗೊತ್ತಿರಲಿಲ್ಲ.

ಅವತ್ತು ಅವರು ಹೋದ ಮೇಲೆ ದೊಡ್ಡಮ್ಮ ಬಾಗಿಲ ಬದಿಯ ಚೀಲ ಎತ್ತಿ ಒಳಗಿಟ್ಟು ಬಂದು, ಬಾವಿಕಟ್ಟೆಯಲ್ಲಿ ನಿಂತಿದ್ದ ನನ್ನನ್ನು ಕರೆದರು.

“ಆ ಪತ್ರಿಕೆಯವರಿಗೆ ಎಂತ ಬರೆದೆ?”

“ಇನ್ನೂ ಬರೀಲಿಲ್ಲ ದೊಡ್ಡಮ್ಮ.”

“ನಾನೇ ಮಗಳನ್ನು ಕಳಿಸ್ಲಿಲ್ಲ. ನೀನೂ ಅವಳನ್ನು ಕಳಿಸ್ಬೇಡ.”

ನಾನು ತಿದ್ದಲಿಲ್ಲ. ಪತ್ರಿಕೆಯವರು ಹಸ್ತಪ್ರತಿಯನ್ನು ವಾಪಸು ಕಳಿಸಿದರು. ಸ್ವಲ್ಪ ಕಾಲಕ್ಕೆ ದೊಡ್ಡಮ್ಮನ ಮನೆಗೆ ಟೀವಿ ಬಂತು, ಓದುವವಳ ಅಗತ್ಯ ತಪ್ಪಿತು. ನಾನು ಗೇರುಬೀಜದ ಕಾರ್ಖಾನೆಗೆ ಹೋದೆ. ಬೆರಳು ಸುಲಿಯಿತು, ಮೊದಮೊದಲು ಅಳುತ್ತಿದ್ದೆ, ಮತ್ತೆ ಅಭ್ಯಾಸವಾಯಿತು. ಅಲ್ಲಿಂದ ಉಡುಪಿಯ ಕಡಿಯಾಳಿಯಲ್ಲಿ ಒಂದು ಸಣ್ಣ ಪ್ರೆಸ್ಸಿಗೆ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಮದುವೆ ಕಾಗದ, ರಶೀದಿ ಪುಸ್ತಕ, ನಡುನಡುವೆ ಯಾರದೋ ಕವನ ಸಂಕಲನ. ಬರುವವರು ಎಲ್ಲ ಬಗೆಯವರು. ಗುಳ್ಳ ಬದನೆ ಬೆಳೆಯುವ ಮಟ್ಟುವಿನ ರೈತ, ಬ್ಯಾಂಕಿನವರು, ದೇವಸ್ಥಾನದ ಭಟ್ಟರು. ಕರಡಿನ ಮೇಲೆ ಅವರ ಹೆಸರಿನ ಕೆಳಗೆ ಗೆರೆ ಎಳೆಯುವಾಗೆಲ್ಲ ನನಗೆ, 'ಇವರ ಪಾಲಿನ ಬೀಡಿ ಕಟ್ಟಿದವರು ಯಾರಿರಬಹುದು?' ಅನಿಸುತ್ತಿತ್ತು. ಯಾರೋ ಇದ್ದೇ ಇರುತ್ತಾರೆ. ಹಲ್ಲಿನ ಡಾಕ್ಟರ ಮನೆಯಲ್ಲೂ, ಗಾರೆಯವರ ಶೆಡ್ಡಿನಲ್ಲೂ ಯಾರೋ ಒಬ್ಬರು ಇವರ ಕೆಲಸವನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ‘ನೀನು ಓದು’ ಎಂದಿರುತ್ತಾರೆ. ಲೇಖಕರು ಆಗುವುದು ಹಾಗೆ ಎಂದು ನನ್ನ ನಂಬಿಕೆ. ಬೇರೆ ದಾರಿ ಇದ್ದರೆ ನನಗೆ ಗೊತ್ತಿಲ್ಲ.

ವಾಪಸು ಬಂದ ನನ್ನ ಹಸ್ತಪ್ರತಿಯ ಕಟ್ಟನ್ನು ಪ್ರೆಸ್ಸಿನ ಯಜಮಾನರಿಗೆ ಕೊಟ್ಟೆ. ಓದಿದವರು ಕೊನೆಯ ಬಗ್ಗೆ ಏನೂ ಹೇಳಲಿಲ್ಲ, ಕಾಗದದ ಬೆಲೆಯ ಬಗ್ಗೆ ಮಾತ್ರ ಗೊಣಗಿದರು. ಕೆಲಸದ ನಡುವೆ ಸಿಕ್ಕ ಬಿಡುವಿನಲ್ಲಿ ಅಚ್ಚಾಗಿ, ಅಂತೂ ಪುಸ್ತಕ ಬಂತು. ಓದಿದವರೆಲ್ಲ ತಾಯಿಯ ಆ ಮಾತನ್ನೇ ಎತ್ತಿ ಹೇಳುತ್ತಾರೆ. ಅದು ನನ್ನದಲ್ಲ ಎಂದರೆ ವಿನಯ ಎಂದುಕೊಳ್ಳುತ್ತಾರೆ.

ಮೊದಲ ಪ್ರತಿಯನ್ನು ಕಾರ್ಕಳಕ್ಕೆ ಒಯ್ದೆ. ದೊಡ್ಡಮ್ಮನಿಗೆ ಆಗ ಕಣ್ಣು ಮಂಜಾಗಿತ್ತು, ಬೀಡಿ ಬಿಟ್ಟಿದ್ದರು. ಅಕ್ಕ ಮಣಿಪಾಲದ ಒಂದು ಹಾಸ್ಟೆಲಿನ ಅಡುಗೆ ಕೆಲಸದಲ್ಲಿದ್ದಳು, ಅವತ್ತು ರಜೆ ಹಾಕಿ ಮನೆಯಲ್ಲೇ ಇದ್ದಳು. ದೊಡ್ಡಮ್ಮ ಪುಸ್ತಕವನ್ನು ತಿರುವಿ ತಿರುವಿ ಮುಟ್ಟಿ ನೋಡಿ ಮಗಳ ಕೈಗೆ ಕೊಟ್ಟರು.

“ಮೊದಲಿಂದ ಓದ್ಲಾ?” ಎಂದಳು ಅಕ್ಕ.

“ಬೇಡ. ಕೊನೆಯದ್ದು ಓದು.”

ಅಕ್ಕ ಜಗಲಿಯಲ್ಲಿ ಕೂತು ಕೊನೆಯ ಪುಟ ಓದಿದಳು. ತಾಯಿಯ ಮಾತು ಬಂದಾಗ ನಿಲ್ಲಿಸಿದಳು, ಮತ್ತೆ ಓದಿದಳು. ಮುಗಿದ ಮೇಲೆ ದೊಡ್ಡಮ್ಮ, ಪುಸ್ತಕದ ಮೇಲೆ ಪೂರ್ತಿ ನಂಬಿಕೆ ಬಾರದವರಂತೆ ಕೇಳಿದರು.

“ಹೋಗ್ಲಿಲ್ಲ ಅಲ್ವಾ ಅವಳು?”

“ಇಲ್ಲ ಅಮ್ಮ,” ಎಂದಳು ಅಕ್ಕ. “ಇಲ್ಲೇ ಇದ್ದೇನೆ.”